ಗೋಡೆಯಾಚೆಗೆ ಕೇಳುವ ಗಿಟಾರು

ನನ್ನ ಮನೆಗೂ ಓನರ್ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಚಾಮರಾಜಪೇಟೆಯ ಹಳೆಯ ಮನೆಯನ್ನು ಎರಡು ಮಾಡುವಾಗ ಎಬ್ಬಿಸಿದ ತೆಳ್ಳಗಿನ ಗೋಡೆ. ಈಚೆ ನನ್ನ ಗಿಟಾರ್ ಕ್ಲಾಸು, ಆಚೆ ಅವರ ಅಡುಗೆಮನೆ. ಓನರ್ ಆಂಟಿ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ಈಚೆ ನನ್ನ ವಿದ್ಯಾರ್ಥಿಗಳು ಕೆಮ್ಮುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದುಕೊಂಡು ಬಂದಿತ್ತು; ಯಾರಿಗೂ ಯಾರ ಮೇಲೂ ದೂರಿರಲಿಲ್ಲ.

ಮಳೆಗಾಲದ ಜ್ವರದಲ್ಲಿ ಮಲಗಿ ಎದ್ದ ಮೇಲೆ ಓನರ್ ಅಂಕಲ್ ಬೇರೆಯೇ ಮನುಷ್ಯರಾದರು. ಒಂದು ಸಂಜೆ ಬಾಗಿಲಿಗೆ ಬಂದು ನಿಂತರು. ಮಫ್ಲರ್ ಕಿವಿಗೆ ಬಿಗಿದಿತ್ತು.

"ನಿಮ್ಮ ಆ ಕರೆಂಟ್ ಗಿಟಾರು ನನ್ನ ತಲೆ ಒಳಗೇ ಕೂತು ಬಾರಿಸ್ದಂಗಿದೆ ಕಣಮ್ಮ. ನಿದ್ದೆ ಇಲ್ಲ, ಊಟ ಸೇರಲ್ಲ. ಈ ತಿಂಗಳೊಳಗೆ ಬೇರೆ ಮನೆ ನೋಡ್ಕೊಂಬಿಡಿ."

ಮಾರನೆಯ ದಿನದಿಂದಲೇ ಮನೆ ಹುಡುಕಲು ಹೊರಟೆ. ಬಸವನಗುಡಿಯಲ್ಲಿ ಒಬ್ಬ ಯಜಮಾನರು ಗೇಟಿನ ಒಳಗಿಂದಲೇ ವಿಚಾರಿಸಿದರು: "ಒಬ್ರೇನಾ? ಗಿಟಾರ್ ಹೇಳ್ಕೊಡ್ತೀರಾ? ಮರದ್ದಾ, ಕರೆಂಟ್‌ದಾ?" ಕರೆಂಟ್‌ದು ಎಂದೆ. ಚಿಲಕ ತೆಗೆಯಲೇ ಇಲ್ಲ. ಮತ್ತಿಕೆರೆಯವರೆಗೂ ಹೋಗಿ ಬಂದೆ. ಅಲ್ಲಿ ಮನೆ ಸಿಕ್ಕರೂ ನನ್ನ ಬಳಿಗೆ ನಡೆದು ಬರುವ ಈ ಬೀದಿಗಳ ಮಕ್ಕಳು ಅಷ್ಟು ದೂರ ಬರುವುದಿಲ್ಲ. ಬೇರೆ ಕೆಲಸ ನನಗೆ ಗೊತ್ತಿಲ್ಲ. ಮಕ್ಕಳಿಗೆ ಹೆಡ್‌ಫೋನ್ ಹಾಕಿ ಕಲಿಸೋಣವೆಂದರೆ ಅವರ ತಪ್ಪು ನನಗೆ ಕೇಳಬೇಕಲ್ಲ! ರಾತ್ರಿ ಉಪ್ಪಿಟ್ಟು ಕೆದಕಿ ತಟ್ಟೆಗೆ ಹಾಕಿಕೊಂಡು, ತಿನ್ನಲಾಗದೆ ಮುಚ್ಚಿಟ್ಟು ಏಳುತ್ತಿದ್ದೆ.

ಕೊನೆಗೆ ಆಂಟಿಯನ್ನು ಹೂವಿನವಳ ಹತ್ತಿರ ಹಿಡಿದೆ. "ನಿಮ್ಮ ಕಡೆ ಏನು ಕೇಳುತ್ತೆ ಅಂತ ಸರಿಯಾಗಿ ಹೇಳಿ ಆಂಟಿ."

"ನಂಗೇನ್ ಕೇಳ್ಸತ್ತಮ್ಮ, ಕಣ್ಣಿಗೇ ಕಾಣತ್ತೆ. ನೀವು ಬಾರಿಸಿದ್ರೆ ಸ್ಟ್ಯಾಂಡಲ್ಲಿರೋ ತಟ್ಟೆ ಲೋಟ ಎಲ್ಲಾ ಗಡಗಡ ಅನ್ನತ್ವೆ. ದೆವ್ವ ಹೊಕ್ಕಂಗೆ."

ಅದನ್ನು ಕೇಳಿ ನನಗೆ ಜೀವ ಬಂದಂತಾಯಿತು. ತಟ್ಟೆ ನಡುಗುವುದು ದಪ್ಪ ದನಿಗೆ. ಅದನ್ನು ಹುಡುಕಿ ತಗ್ಗಿಸಬಹುದು. ನನ್ನ ಹತ್ತಿರ ಈಕ್ವಲೈಸರ್ ಪೆಡಲ್ ಇತ್ತು. ಗಿಟಾರಿಗೂ ಸ್ಪೀಕರಿಗೂ ನಡುವೆ ಸಿಕ್ಕಿಸುವ, ಕಾಲಲ್ಲಿ ಒತ್ತುವ ಅಂಗೈಯಗಲದ ಡಬ್ಬಿ. ಮೇಲೆ ಸಾಲಾಗಿ ಪುಟ್ಟ ಸ್ಲೈಡರ್‌ಗಳು: ಎಡಗಡೆಯವು ದಪ್ಪ ದನಿಗೆ, ಬಲಗಡೆಯವು ಚೂಪು ದನಿಗೆ. ಏರಿಸಿದರೆ ದನಿಯ ಆ ಭಾಗ ಹೆಚ್ಚುತ್ತದೆ, ಇಳಿಸಿದರೆ ತಗ್ಗುತ್ತದೆ.

ಅಂಕಲ್ ಕಟಿಂಗ್‌ಗೆ ಹೋಗಿದ್ದ ಬೆಳಿಗ್ಗೆ ಆಂಟಿಯನ್ನು ಅವರ ಅಡುಗೆಮನೆಯಲ್ಲೇ ನಿಲ್ಲಿಸಿದೆ. ತಟ್ಟೆ ನಡುಗಿದರೆ ಗೋಡೆ ತಟ್ಟಬೇಕು. ಒಂದೊಂದೇ ಸ್ಲೈಡರನ್ನು ಪೂರ್ತಿ ಏರಿಸಿ, ದಪ್ಪ ತಂತಿ ಮೀಟಿ, ಮತ್ತೆ ನಡುವಿಗೆ ತರುತ್ತಾ ಹೋದೆ. ಎಡದಿಂದ ಎರಡನೆಯದನ್ನು ಏರಿಸಿದ್ದೇ ತಡ, ಆಂಟಿ ಲಟ್ಟಣಿಗೆಯಲ್ಲೇ ಗೋಡೆ ಕುಟ್ಟಿದರು. "ಇದೇ, ಇದೇ! ಕಾಫಿ ಲೋಟ ಬಿದ್ದೇ ಹೋಯ್ತು!"

ಅದನ್ನು ತಳಕ್ಕಿಳಿಸಿದೆ. ಮತ್ತೆ ಮೀಟಿದರೆ ಗೋಡೆ ಸುಮ್ಮನಿತ್ತು. ಗಿಟಾರಿನ ದನಿ ಮಾತ್ರ ಬೇಳೆಯಿಲ್ಲದ ಸಾರಿನಂತೆ ತೆಳ್ಳಗಾಯಿತು. ನಡುವಿನದನ್ನು ತುಸು ಏರಿಸಿ ಸಮಾಧಾನ ಮಾಡಿಕೊಂಡೆ. ಮನೆ ಉಳಿದರೆ ಸಾಕಿತ್ತು.

ಅದೇ ಸಂಜೆ ಗೋಡೆ ದಡದಡ ಎಂದಿತು. ಈ ಸಲ ಅಂಕಲ್. ಎಡಗಡೆಯ ಇನ್ನೊಂದನ್ನೂ ಇಳಿಸಿದೆ. ಮಾರನೆಯ ದಿನ ಬಲಗಡೆಯವನ್ನೂ ಇಳಿಸಿದೆ. ಸ್ಪೀಕರನ್ನು ದಿಂಬಿನ ಮೇಲಿಟ್ಟೆ, ಗೋಡೆಗೆ ಕಂಬಳಿ ತೂಗುಹಾಕಿದೆ. ದನಿ ಸೊಳ್ಳೆಯಷ್ಟಾಯಿತು. ಒಂದು ಮಗು, "ಮಿಸ್, ಕರೆಂಟ್ ಹೋಯ್ತಾ?" ಎಂದು ಕೇಳಿತು. ಗೋಡೆ ಕುಟ್ಟುವುದು ನಿಲ್ಲಲಿಲ್ಲ. ತಿಂಗಳು ಮುಗಿಯುತ್ತಾ ಬಂದಿತ್ತು. ನಾನು ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತತೊಡಗಿದೆ.

ಆಂಟಿ ಚಿತ್ರಾನ್ನ ಕೊಟ್ಟಿದ್ದ ಡಬ್ಬಿ ನನ್ನಲ್ಲೇ ಉಳಿದಿತ್ತು. ಒಂದು ಮಧ್ಯಾಹ್ನ ಹಿಂದಿನ ಬಾಗಿಲಿನಿಂದ ಅವರ ಅಡುಗೆಮನೆಗೆ ಹೋಗಿ ಅದನ್ನು ಕಟ್ಟೆಯ ಮೇಲಿಟ್ಟೆ. ನಡುಮನೆಯಿಂದ ಅಂಕಲ್ ಕೂಗಿದರು:

"ನೋಡೇ, ಮತ್ತೆ ಶುರು ಹಚ್ಕೊಂಡ್ಲು! ಹೋಗಿ ನಿಲ್ಸು ಅನ್ನು!"

ಆಂಟಿಯ ಕೈಯ ಸೌಟು ಹಾಗೇ ನಿಂತಿತು. ನಾನು ಅವರ ಎದುರಿಗೇ ನಿಂತಿದ್ದೆ. ಸ್ಟ್ಯಾಂಡಿನಲ್ಲಿ ಒಂದು ಚಮಚವೂ ಅಲುಗುತ್ತಿರಲಿಲ್ಲ.

"ಕೇಳ್ತಿಲ್ವೇನೇ? ಕಿವುಡೀನಾ ನೀನು?"

"ಹೇಳ್ತೀನಿ, ಇರೀಂದ್ರೆ," ಎಂದರು ಆಂಟಿ. ನನ್ನ ಕೈ ಹಿಡಿದು ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕರೆತಂದರು.

"ಇವ್ರ ಜ್ವರದಲ್ಲಿ ಡಾಕ್ಟ್ರು ನನ್ನೊಬ್ಬಳನ್ನೇ ಕರೆದು ಹೇಳಿದ್ರು ಕಣಮ್ಮ. ಕಿವಿ ಒಳಗೇ ಶಬ್ದ ಉಳ್ಕೋಬಹುದು, ಅದಕ್ಕೆ ಮಾತ್ರೆ ಅಂತ ಇಲ್ಲ, ಅಭ್ಯಾಸ ಮಾಡ್ಕೋಬೇಕು ಅಂತ. ತಟ್ಟೆ ನಡುಗೋದು ನಾನೇ ನೋಡ್ತಿದ್ನಲ್ಲ, ಇದು ನಿಮ್ಮದೇ ಅಂದ್ಕೊಂಡೆ. ನಿಮ್ಮದೇ ಆಗಿರ್ಲಿ ಅಂತ ದೇವರಿಗೆ ಕೈ ಮುಗಿದೆ."

"ಹಾಗಾದ್ರೆ ಅಂಕಲ್‌ಗೆ ಹೇಳೋಣ ಆಂಟಿ."

"ಬೇಡಮ್ಮ." ಕೈಯ ಹಿಡಿತ ಬಿಗಿಯಾಯಿತು. "ನೀವು ಹೋದ್ರೆ ಶಬ್ದ ನಿಲ್ಲತ್ತೆ ಅಂತ ದಿನ ಎಣಿಸ್ತಾ ಕೂತಿದಾರೆ. ಹೋದ ಮೇಲೂ ನಿಲ್ಲದಿದ್ರೆ? ಆಮೇಲೆ ಆ ಮನುಷ್ಯ ಏನು ಮಾಡ್ಕೊತಾರೋ! ಮನೆ ಖಾಲಿ ಮಾಡ್ಬೇಡಿ. ಅವ್ರನ್ನ ನಾನು ಒಪ್ಪಿಸ್ತೀನಿ. ಬೈದ್ರೆ ಬೈಸ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ."

ನನಗೆ ಬೇಕಿದ್ದ ಮನೆ ಹೀಗೆ ಉಳಿಯಿತು. ಪೇಪರ್ ಬಿಚ್ಚಿ ಪಾತ್ರೆಗಳನ್ನು ಮತ್ತೆ ಜೋಡಿಸಿದೆ.

ನಿನ್ನೆ ಸಂಜೆ ಹುಳಿಗೆ ಬೀನ್ಸ್ ಹೆಚ್ಚುತ್ತಿದ್ದೆ. ಗಿಟಾರು ಚೀಲದೊಳಗಿತ್ತು. ಗೋಡೆ ದಡದಡ ಎಂದಿತು.

"ಕಮ್ಮಿ ಮಾಡಮ್ಮಾ, ದಮ್ಮಯ್ಯ!" ಈಗೀಗ ಅಂಕಲ್ ಬೈಯುವುದಿಲ್ಲ, ಬೇಡುತ್ತಾರೆ.

"ಆಯ್ತು ಅಂಕಲ್, ಮಾಡ್ದೆ," ಎಂದು ಕೂಗಿದೆ. ಸುಮ್ಮನೆ ಕೂಗಿ ಕೂತಿರಲು ಮನಸ್ಸು ಬರಲಿಲ್ಲ. ಈಳಿಗೆಮಣೆ ಬಿಟ್ಟು ಎದ್ದು ಹೋಗಿ, ವೈರೇ ಇಲ್ಲದ ಪೆಡಲಿನ ಮುಂದೆ ಕೂತು ಒಂದು ಸ್ಲೈಡರನ್ನು ಕೆಳಗೆಳೆದೆ. "ಈಗ?"

ಆಚೆ ಅಂಕಲ್ ಗೋಡೆಗೆ ಕಿವಿ ಕೊಟ್ಟು ನಿಂತಿದ್ದರೇನೋ.

"ಇನ್ನೊಂಚೂರು."

ಸ್ಲೈಡರು ತಳ ಮುಟ್ಟಿತ್ತು. ಅದರ ಮೇಲೆ ಬೆರಳು ಒತ್ತಿಕೊಂಡೇ ಕೂತೆ.