ಮೊಟ್ಟೆಬುಟ್ಟಿಯ ಪರೀಕ್ಷೆ

ರೇವಣ್ಣ ಎಪ್ಪತ್ತೊಂದರ ಯುದ್ಧ ಮುಗಿಸಿ ಊರಿಗೆ ಬಂದು ಎರಡು ವರ್ಷವಾಗಿತ್ತು. ಅಲ್ಲೇನಾಯಿತು ಎಂದು ಯಾರಾದರೂ ಕೇಳಿದರೆ, "ಚಳಿ ಇತ್ತು, ಬೇಳೆ ಚೆನ್ನಾಗಿತ್ತು. ಇನ್ನೇನೂ ನೆಪ್ಪಿಲ್ಲ ಕಣಪ್ಪ" ಎನ್ನುತ್ತಿದ್ದ. ಸುಳ್ಳೇನೂ ಹೇಳುತ್ತಿರಲಿಲ್ಲ. ಮೈ ಮಾತ್ರ ಮರೆತಿರಲಿಲ್ಲ.

ಅಮ್ಮಸಂದ್ರದ ಕಡೆ ಬಂಡೆ ಸಿಡಿಸಿದರೂ ಕಣ್ಣು ಮಿಟುಕಿಸದವನು, ತೋಟದಲ್ಲಿ ಒಂದು ತೆಂಗಿನಕಾಯಿ ದೊಪ್ಪನೆ ಬಿದ್ದರೆ ಸಾಕು, ನೆಲಕ್ಕೆ ಹಾರಿಬಿಡುತ್ತಿದ್ದ. ತುರುವೇಕೆರೆ ಸೀಮೆಯಲ್ಲಿ ಕಾಯಿ ಬೀಳದ ದಿನವುಂಟೆ! ಅವನ ಅಂಗಿ ಒಗೆದೊಗೆದು ಹೆಂಡತಿ ಅನಸೂಯಳ ಕೈ ಸವೆದಿತ್ತು.

ಈ ಹೆದರಿಕೆಗೇ ಅವನು ಐದು ತಿಂಗಳ ಮಗಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. "ಬೀಳಿಸಿಬುಟ್ರೆ?" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡು ತೊಟ್ಟಿಲೊಳಗೆ ಇಣುಕುವನು. 

ಆದರೆ ಅನಸೂಯ ಒಂದನ್ನು ಗಮನಿಸಿದ್ದಳು. ರೇವಣ್ಣ ಒಬ್ಬನೇ ಬೀಳುತ್ತಿರಲಿಲ್ಲ. ಪಕ್ಕದಲ್ಲಿದ್ದದ್ದನ್ನು ಎದೆಯಡಿಗೆ ಎಳೆದುಕೊಂಡೇ ಬೀಳುತ್ತಿದ್ದ. ಒಮ್ಮೆ ಕುರಿಮರಿ. ಒಮ್ಮೆ ಕುಂಬಳಕಾಯಿ. ಇನ್ನೊಮ್ಮೆ, ಕಾಫಿ ಕುಡಿಯಲು ಬಂದಿದ್ದ, ಕ್ವಿಂಟಾಲ್ ತೂಗುವ ಸದಾಶಿವಯ್ಯ ಮೇಷ್ಟ್ರು!

"ತಲೆ ಎತ್ಬ್ಯಾಡಲಾ!" ಎಂದು ರೇವಣ್ಣ ಮೇಷ್ಟ್ರ ಬೋಳುತಲೆ ಒತ್ತಿ ಹಿಡಿದಿದ್ದ.

"ಎತ್ತಾಕೆ ನೀನು ಬುಟ್ರೆ ತಾನೇ!" ಎಂದಿದ್ದರು ಮೇಷ್ಟ್ರು, ಅಡಿಯಿಂದ.

ಎದ್ದ ಮೇಲೆ, "ನಾನೇನಂದೆ?" ಎಂದು ಅವನೇ ಕೇಳಿದ್ದ. ನಿಜವಾಗಿಯೂ ಗೊತ್ತಿರಲಿಲ್ಲ. ಮೇಷ್ಟ್ರಿಗೆ ಮಾತ್ರ ಒಂದು ಗೀರೂ ಆಗಿರಲಿಲ್ಲ.

ಒಂದು ಭಾನುವಾರ ಅನಸೂಯ ಅವನ ಕೈಗೆ ಮೊಟ್ಟೆಬುಟ್ಟಿ ಕೊಟ್ಟಳು. ಹಿಂದೆ ಹೋಗಿ ನಿಂತು, ಮನಸ್ಸಿನಲ್ಲೇ ತಪ್ಪಾಯಿತೆಂದು ಹೇಳಿಕೊಂಡು, ಕಾಯೊಂದನ್ನು ದೊಪ್ಪೆಂದು ಎಸೆದಳು. ರೇವಣ್ಣ ಹಾರಿದ.

"ಅಯ್ಯೋ, ಕಟ್ಕೊಂಡ ಗಂಡನ್ನೇ ಕೆಡವ್ತೀಯೇನೇ!" ಎಂದು ಅತ್ತೆ ತಿಮ್ಮಕ್ಕ ಕೂಗಿದರು.

"ಮೊದ್ಲು ಮೊಟ್ಟೆ ನೋಡಿ ಅತ್ತೆ."

ಹನ್ನೆರಡಕ್ಕೆ ಹನ್ನೆರಡೂ ಅವನ ಮೊಣಕೈಗಳ ನಡುವೆ ಇಡಿಯಾಗಿದ್ದವು.

"ನೋಡಿದ್ರಾ? ನಿಮ್ ಕೈಗೆ ಬೀಳ್ಸೋದು ಗೊತ್ತೇ ಇಲ್ಲ ಕಣ್ರೀ."

ರೇವಣ್ಣ ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಆಮೇಲೆ ಕೈ ತೊಳೆದುಕೊಂಡು ಬಂದು ಎರಡೂ ಕೈ ಚಾಚಿದ.

ಮಗಳನ್ನು ಎತ್ತಿಕೊಂಡು ಜಗಲಿಯಿಂದ ಇಳಿದಿದ್ದನಷ್ಟೆ, ತೋಟದಲ್ಲಿ ಕಾಯಿ ಬಿತ್ತು, ಈ ಸಲ ತಾನಾಗಿಯೇ. ರೇವಣ್ಣ ನೆಲಕ್ಕೆ ಹಾರಿದ. ಅನಸೂಯ ಓಡಿ ಬಂದು ಬಗ್ಗಿ ನೋಡಿದರೆ, ಮೊಣಕೈಗಳ ಚಪ್ಪರದ ಕೆಳಗೆ ಮಗು ಅಪ್ಪನ ಮೀಸೆ ಹಿಡಿದು ಕೇಕೆ ಹಾಕುತ್ತಿತ್ತು.

"ಆಯ್ತಲ್ಲ, ಏಳ್ರಿ."

"ಇರು ಕಣೇ," ಎಂದ ರೇವಣ್ಣ, ಅಲುಗದೆ. "ಇನ್ನೊಂದು ಬಿದ್ರೂ ಬೀಳ್ಬೋದು."