ಗಂಡ ಉಂಡೆದ್ದ ಎಲೆ

ನಮ್ಮ ಮನೆಗಳಲ್ಲಿ ಗಂಡ ಉಂಡೆದ್ದ ಎಲೆಯಲ್ಲೇ ಹೆಂಡತಿ ಉಣ್ಣುವುದು ವಾಡಿಕೆ. ಗಂಡನಾದವನು ಬೇಕೆಂದೇ ಒಂದಿಷ್ಟು ಬಿಟ್ಟು ಏಳಬೇಕು. ಏನು ಬಿಟ್ಟ, ಎಷ್ಟು ಬಿಟ್ಟ ಎಂದು ನೋಡಿ ಹೆಂಗಸರು ಅವನ ಪ್ರೀತಿಯನ್ನು ಅಳೆಯುತ್ತಿದ್ದರು. ನಾನೂ ಹಾಗೆಯೇ ಉಂಡವಳು. ನನ್ನ ಹಿರಿಯ ಮೊಮ್ಮಗಳಿಗೆ ಮಾತ್ರ ಎಂಜಲು ಎಂದರೆ ಆಗದು. ಹೆತ್ತ ತಾಯಿ ಕಚ್ಚಿಕೊಟ್ಟ ಮಾವಿನಹಣ್ಣನ್ನೂ ಮುಟ್ಟದವಳು ಅವಳು.

ಮದುವೆಯಾದ ಮೊದಲ ಯುಗಾದಿಗೆ ಅವಳ ಗಂಡ ನರಸೀಪುರದಿಂದ ಗಾಡಿ ಕಟ್ಟಿಸಿಕೊಂಡು ಹುಲ್ಲಹಳ್ಳಿಯ ನಮ್ಮ ಮನೆಗೆ ಬಂದ. ಮೈಸೂರಿನಲ್ಲಿ ಇಂಗ್ಲಿಷ್ ಓದಿದ ಹುಡುಗ. ಅವಳಿನ್ನೂ ಗಂಡನ ಮನೆಗೆ ಹೋಗಿರಲಿಲ್ಲ. ಬೆಳಗಿನಿಂದ ಮೊಮ್ಮಗಳು ನನ್ನ ಸೆರಗು ಬಿಡಲಿಲ್ಲ.

“ಅಜ್ಜಿ, ಇವತ್ತು ಒಂದ್ಸಲ ಆ ಎಲೇಲಿ ಕೂತ್ರೆ ಸಾಯಗಂಟ ಕೂರ್ಬೇಕು. ನನ್ ಗಂಟಲಲ್ಲಿ ಇಳಿಯಕಿಲ್ಲ ಕಣಜ್ಜಿ.”

“ನಾನೇನ್ ಮಾಡ್ಲವ್ವ?” ಎಂದೆ.

ಹೊಸ ಅಳಿಯ ಜಗುಲಿಯ ಮೇಲೆ ಪುಸ್ತಕ ಹಿಡಿದು ಕೂತಿದ್ದ. ಮಜ್ಜಿಗೆ ಕೊಟ್ಟು, “ಏನ್ ಬರ್ದವ್ರಪ್ಪ ಅದ್ರಲ್ಲಿ?” ಎಂದು ಕೇಳಿದೆ. ನಾಲ್ಕಕ್ಷರ ಕಲಿತವಳಿಗೆ ಪುಸ್ತಕ ಕಂಡರೆ ಸುಮ್ಮನಿರಲಾಗದು.

“ಈ ಪದ್ಯದಲ್ಲಿ ಒಂದು ಅಪರೂಪದ ಮಾತದೆ ಅಜ್ಜಿ. ಓರ್ಟ್ಸ್ ಅಂತ. ಇಂಗ್ಲಿಷ್‌ನೋರೇ ಈಗ ಅಷ್ಟಾಗಿ ಆಡಕಿಲ್ಲ. ದನ ಮೇದು ಬಿಟ್ಟ ಹುಲ್ಲು, ಜನ ಉಂಡು ಬಿಟ್ಟ ಚೂರುಪಾರು, ಅವಕ್ಕೆಲ್ಲ ಅದೇ ಹೆಸರು.”

“ಅದ್ನ ಪದ್ಯದಲ್ಲಿ ಯಾಕಪ್ಪ ಬರೀತಾರೆ?”

“ಊಟದ ವಿಚಾರಕ್ಕೇ ಅಂತಲ್ಲ. ಒಬ್ರಿಗೆ ಕೊಟ್ಟು ಮಿಕ್ಕಿದ ಪ್ರೀತೀನ ಇನ್ನೊಬ್ರ ಮುಂದಕ್ಕೆ ತಳ್ಳಿದ್ರೆ, ಅದನ್ನೂ ಓರ್ಟ್ಸ್ ಅಂತಾರೆ ಕವಿಗಳು. ಹೀಗಳೆಯೋ ಮಾತು.”

“ನಮ್ಮಲ್ಲಿ ಮಿಕ್ಕಿದ್ದನ್ನ ಬಿಡೋದೇ ಪ್ರೀತಿ ಅಂತಾರಲ್ಲಪ್ಪ” ಎಂದೆ. ಆಮೇಲೆ ಬಾಯಿ ನಿಲ್ಲಲಿಲ್ಲ. ಮೊಮ್ಮಗಳ ಸಂಕಟ ಹೇಳಿಬಿಟ್ಟೆ.

ಅವನು ಪುಸ್ತಕದೊಳಗೆ ಬೆರಳಿಟ್ಟು ಮುಚ್ಚಿದ. “ನಮ್ಮವ್ವನೂ ಅಂಗೇ ಉಣ್ಣೋದು” ಎಂದ.

ಮಧ್ಯಾಹ್ನ ಗಂಡಸರ ಪಂಕ್ತಿ ಕೂತಿತು. ಅಳಿಯ ಬಡಿಸಿದ್ದೆಲ್ಲ ಉಂಡ. ಒಬ್ಬಟ್ಟಿನ ಚೂರು ಬಿಡಲಿಲ್ಲ, ಕೋಸಂಬರಿಯ ಕಾಳು ಬಿಡಲಿಲ್ಲ. ಕಂಬದ ಹಿಂದೆ ನಿಂತಿದ್ದ ನನ್ನ ನಾದಿನಿ ಮೊಮ್ಮಗಳನ್ನು ತಿವಿದಳು.

“ಏನವ್ವ, ನಿನ್ ಗಂಡ ಒಂದು ತುಣುಕೂ ಬಿಡ್ನಿಲ್ಲ! ಓದಿದೋರ್ಗೆ ಎಂಡ್ರ ಮೇಲೆ ಆಸೆ ಇಷ್ಟೇಯ?”

ಹುಡುಗಿಯ ಮುಖ ಬಿಳುಚಿತು. ಎಲೆ ಬರಿದಾಗಿದ್ದರೂ ಅದರಲ್ಲೇ ಕೂರಬೇಕಲ್ಲ! ಅಷ್ಟರಲ್ಲಿ ಅವನು ಎಲೆ ಮಡಿಸಿ, ಕೈಯಲ್ಲಿ ಹಿಡಿದು ಎದ್ದ. ಅಳಿಯನಾದವನು ಮಾವನ ಮನೆಯಲ್ಲಿ ಎಲೆ ಎತ್ತುವುದೆಂದರೆ! ನನ್ನ ಮಗ “ಬಿಡಿ, ಬಿಡಿ” ಎಂದು ಏಳುವಷ್ಟರಲ್ಲಿ ಅವನು ಹಿತ್ತಲಿಗೆ ಹೋಗಿ ಅದನ್ನು ಹಸುವಿನ ಮುಂದೆ ಹಾಕಿ, ಕೈ ತೊಳೆದು ಬಂದ.

“ಚಿಕ್ಕಜ್ಜಿ, ಒಬ್ಬಟ್ಟು ಚೆನ್ನಾಗಿತ್ತು, ಎಲ್ಲಾನೂ ನಾನೇ ತಿಂದ್ಬುಟ್ಟೆ. ಎಲೇನೂ ಹಸು ತಿಂತಾ ಅದೆ. ನಿಮ್ಮ ಮೊಮ್ಮಗಳಿಗೆ ಹೊಸ ಎಲೇನೇ ಹಾಕ್ಬೇಕಾಯ್ತದೆ” ಎಂದ ನನ್ನ ನಾದಿನಿಗೆ. “ನಮ್ಮೂರಲ್ಲೂ ನನ್ನ ಊಟ ಇಂಗೇಯ.”

“ಒಳ್ಳೇ ಹೊಟ್ಟೆಬಾಕನ್ನ ತಂದ್ರಿ ಕಣ್ರವ್ವ!” ಎಂದು ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಳೋ ಸಿಟ್ಟೋ, ನಾನು ನೋಡಲು ನಿಲ್ಲಲಿಲ್ಲ. ಅಗಲವಾದ ಎಲೆಯೊಂದನ್ನು ಆರಿಸಿ ತಂದು, ನೀರು ಚಿಮುಕಿಸಿ ಮೊಮ್ಮಗಳ ಮುಂದೆ ಹಾಸಿದೆ. ಹೆಂಚಿನಿಂದ ಈಗಷ್ಟೇ ತೆಗೆದ ಒಬ್ಬಟ್ಟು ಇಟ್ಟು ತುಪ್ಪ ಬಿಟ್ಟೆ.

“ಸಾಕಜ್ಜಿ” ಎಂದಳು. ಇನ್ನೂ ಬಿಟ್ಟೆ.

“ಸಾಕು ಅಂದ್ನಲ್ಲಜ್ಜಿ!”

ತುಪ್ಪ ಎಲೆಯಂಚು ದಾಟಿ ನೆಲಕ್ಕೆ ಹರಿಯಿತು.