ಸುಣ್ಣದ ಗೆರೆ ಬೀಳದ ಮನೆ

ಡ್ರೋನ್ ಬಂದ ಮೇಲೆ ನಮ್ಮ ಕೆಲಸಕ್ಕೊಂದು ಮರ್ಯಾದೆ ಬಂತು ಅನ್ನುವವಳು ನಾನು. ಹೊಳೆನರಸೀಪುರದ ನಮ್ಮ ಸರ್ವೆ ಕಚೇರಿಯಲ್ಲಿ ಈ ಮಾತನ್ನು ಒಪ್ಪದವರು ಇದ್ದಾರೆ, ಇರಲಿ ಬಿಡಿ. ಅವರ್ಯಾರೂ ಹೆಂಗಸಾಗಿ ಸರಪಳಿ ಹಿಡಿದು ಊರ ನಡುವೆ ನಿಂತವರಲ್ಲ. ಎರಡು ಮನೆಯ ನಡುವಿನ ಸಂದು ಅಳೆಯಲು ಹೋದರೆ ಆ ಕಡೆಯವನು ಸರಪಳಿ ಎಳೆಯುವನು, ಈ ಕಡೆಯವನು ಬಿಡನು, ನಡುವೆ ನನ್ನ ಅಪ್ಪ ಅಮ್ಮನನ್ನೂ ಸೇರಿಸಿ ಬೈಗುಳ. ದೊಡ್ಡ ಹಿಡುವಳಿದಾರರ ಮನೆಯಲ್ಲಿ ಊಟಕ್ಕೆ ಕೂತರೆ ಕೇರಿಯವರಿಗೆ ಅನುಮಾನ, ಕೂರದಿದ್ದರೆ ಹಿಡುವಳಿದಾರರಿಗೆ ಸಿಟ್ಟು. ಡ್ರೋನಿಗೆ ಊಟ ಹಾಕಲು ಯಾರಿಂದಲೂ ಆಗುವುದಿಲ್ಲ. ಅದು ಗೌಡರ ತೊಟ್ಟಿಮನೆಯ ಮೇಲೆ ಎಷ್ಟು ಎತ್ತರದಲ್ಲಿ ಹಾರುತ್ತದೋ ಕೇರಿಯ ಶೀಟಿನ ಮನೆಯ ಮೇಲೂ ಅಷ್ಟೇ ಎತ್ತರದಲ್ಲಿ ಹಾರುತ್ತದೆ. ಅದಕ್ಕೇ ನನಗೆ ಅದು ಇಷ್ಟ.

ಹಾಸನದಲ್ಲಿ ನಮಗೆ ತರಬೇತಿ ಕೊಟ್ಟಾಗ ಪರದೆಯ ಮೇಲೆ ಒಂದು ಇಡೀ ಊರನ್ನು ತೋರಿಸಿದರು. ಹೆಂಚು, ತಿಪ್ಪೆ, ತೆಂಗಿನ ಸುಳಿ, ಒಣಗಲು ಹಾಕಿದ ರಾಗಿ, ಎಲ್ಲ ಕಾಣುತ್ತಿತ್ತು. ತರಬೇತಿ ಕೊಡಲು ಬಂದವರು, ಇನ್ನು ಮುಂದೆ ಗೆರೆಯನ್ನೂ ನೀವು ಎಳೆಯಬೇಕಾಗಿಲ್ಲ, ಕಂಪ್ಯೂಟರೇ ಚಿತ್ರ ನೋಡಿ ಎಲ್ಲೆ ಗುರುತಿಸಿಕೊಳ್ಳುತ್ತದೆ ಎಂದರು. ಜನರನ್ನು ಕೇಳುವ ಕೆಲಸವೂ ಕಡಿಮೆಯಾಗುತ್ತದೆ ಎಂದರು. ಪಕ್ಕದಲ್ಲಿ ಕೂತಿದ್ದ ನನ್ನ ಹಿರಿಯ ಸಹೋದ್ಯೋಗಿ, ಹಾಗಾದರೆ ನಮ್ಮನ್ನು ಯಾಕೆ ಸಾಕುತ್ತಾರೋ ಎಂದು ಗೊಣಗಿದರು. ನನಗೆ ಮಾತ್ರ ಹಬ್ಬದ ಖುಷಿ.

ಕೆಲಸ ನಡೆಯುವ ಬಗೆ ಸರಳ. ಡ್ರೋನ್ ಬರುವ ಹಿಂದಿನ ದಿನ ಪಂಚಾಯಿತಿಯವರು ಸುಣ್ಣದ ಮೂಟೆ ತರುತ್ತಾರೆ. ಮನೆಯವರು ತಮ್ಮ ಮನೆ, ಅಂಗಳ, ಹಿತ್ತಲು ಎಲ್ಲಿಯವರೆಗೆ ಅಂತ ತೋರಿಸಬೇಕು, ಅಲ್ಲಿ ಬಿಳಿ ಗೆರೆ ಬೀಳುತ್ತದೆ. ಮೇಲಿಂದ ತೆಗೆದ ಚಿತ್ರದಲ್ಲಿ ಆ ಗೆರೆಗಳನ್ನು ಹಿಡಿದು ಕಂಪ್ಯೂಟರು ನಕ್ಷೆ ಮಾಡುತ್ತದೆ. ಆಮೇಲೆ ಕರಡು ನಕ್ಷೆಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸುತ್ತಾರೆ. ತಪ್ಪಿದ್ದರೆ ಗಡುವಿನೊಳಗೆ ಹೇಳಬೇಕು. ಗಡುವು ದಾಟಿದರೆ ನಕ್ಷೆ ಖಾಯಂ, ಆಮೇಲೆ ವಕೀಲರನ್ನು ಹಿಡಿದು ಹಾಸನಕ್ಕೆ ಅಲೆಯುವ ಪಾಡು.

ನಾನು ಹೇಳಹೊರಟಿರುವ ಊರು ಹೇಮಾವತಿಯ ದಂಡೆಯಲ್ಲಿದೆ. ಅಲ್ಲಿ ಡ್ರೋನ್ ಹಾರಿದ ವಾರ ನನ್ನನ್ನು ಚನ್ನರಾಯಪಟ್ಟಣದ ಕಡೆಗೆ ಹಾಕಿದ್ದರು. ಎಲ್ಲ ಚೆನ್ನಾಗಿ ಆಯಿತಂತೆ. ಹದ್ದು ಬಂತೆಂದು ಕೋಳಿಗಳು ಒಲೆಯ ಹಿಂದೆ ಹೊಕ್ಕವಂತೆ. ಬಚ್ಚಲಿಗೆ ಸೂರಿಲ್ಲದ ಹೆಂಗಸರು ಅವತ್ತು ಸ್ನಾನವನ್ನೇ ಬಿಟ್ಟರಂತೆ. ಕರಡು ನಕ್ಷೆಯೂ ಬೇಗ ಬಂತು.

ಗಡುವು ಮುಗಿಯುವ ವಾರ ಒಬ್ಬ ಹೆಂಗಸು ಕಚೇರಿಗೆ ಬಂದರು. ಅರವತ್ತರ ಆಸುಪಾಸು, ಬೋಳು ಹಣೆ, ಕೈಯಲ್ಲಿ ಬಳೆಯಿಲ್ಲ. ಬಾಗಿಲ ಹತ್ತಿರವೇ ನಿಂತಿದ್ದರು. ಯಾರೋ ಗೋಡೆಯ ನಕ್ಷೆ ನೋಡಿ, ನಿನ್ನ ಮನೆ ಇಲ್ಲ ಕಣಮ್ಮ, ಅಲ್ಲಿ ಬಯಲು ತೋರಿಸ್ತಾವ್ರೆ ಎಂದಿದ್ದರಂತೆ. ಪರದೆಯಲ್ಲಿ ನೋಡಿದೆ. ನಿಜ. ಎಡಗಡೆಯವರ ಗೆರೆ ಇದೆ, ಬಲಗಡೆ ಆಕೆಯ ಮೈದುನನ ಮನೆಯ ಗೆರೆ ಇದೆ, ನಡುವೆ ಪಂಚಾಯಿತಿಯ ಜಾಗವೆಂದು ಹಸಿರು ಬಣ್ಣ. ಚಿತ್ರದಲ್ಲಿ ಹೆಂಚು ಎದ್ದು ಕಾಣುತ್ತಿತ್ತು, ಆದರೆ ಸುತ್ತ ಒಂದು ಚೂರೂ ಸುಣ್ಣವಿಲ್ಲ. ಗೆರೆಯಿಲ್ಲದ ಮನೆ ಕಂಪ್ಯೂಟರಿನ ಲೆಕ್ಕಕ್ಕೆ ಯಾರದ್ದೂ ಅಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಊರಿಗೆ ಊರೇ ಗೆರೆ ಹಾಕಿಸಿಕೊಂಡಾಗ ನೀವೇನು ಮಾಡುತ್ತಿದ್ದಿರಿ ಎಂದು ಜೋರು ಮಾಡಿದೆ. ಆಕೆ, ಗಂಡ ಹೋದ ಗಳಿಗೆ ಸರಿಯಿರಲಿಲ್ಲವೆಂದರು. ಆಮೇಲೆ, "ಮನೆಗೆ ಮುಳ್ಳಾಕವ್ರೆ ಕಣವ್ವ" ಎಂದರು.

ಮುಂದೆ ಹೇಳುವುದು ಬೇಕಿರಲಿಲ್ಲ. ನಮ್ಮ ಕಡೆ ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಮನೆ ಬಿಡುತ್ತಾರೆ. ಮೂರು ತಿಂಗಳೋ ಆರು ತಿಂಗಳೋ, ಶಾಸ್ತ್ರ ಹೇಳುವವರು ಹೇಳಿದಷ್ಟು ಕಾಲ ಬಾಗಿಲಿಗೆ ಮುಳ್ಳಿನ ಕೊಂಬೆ ಅಡ್ಡ ಹಾಕಿ ಬೇರೆ ಕಡೆ ಇರುತ್ತಾರೆ. ಸತ್ತವರು ಅಷ್ಟು ದಿನ ಒಳಗೇ ಇರುತ್ತಾರೆ, ಮನೆಯವರು ಕಾಲಿಟ್ಟರೆ ಇನ್ನೊಂದು ಜೀವವನ್ನು ಕರೆದುಕೊಳ್ಳುತ್ತಾರೆ ಅನ್ನುವ ಭಯ. ಸುಣ್ಣ ಹಿಡಿದ ಪಂಚಾಯಿತಿ ಆಳುಗಳೂ ಅದೇ ಊರಿನವರು. ಆ ಮುಳ್ಳು ನೋಡಿ ಅವರು ಅಂಗಳವನ್ನೂ ಮೆಟ್ಟದೆ ಸುತ್ತಿ ಹೋಗಿದ್ದಾರೆ. ಅದು ತಪ್ಪು ಅಂತ ಊರಲ್ಲಿ ಒಬ್ಬರಿಗೂ ಹೊಳೆದಿಲ್ಲ.

ಈ ಮುಳ್ಳಿನ ಮೇಲೆ ನನಗೆ ಹಳೆಯ ದ್ವೇಷವಿದೆ. ಅರಕಲಗೂಡಿನ ಹತ್ತಿರ ನಮ್ಮೂರಲ್ಲಿ ತಾತ ತೀರಿಕೊಂಡಾಗಲೂ ಮನೆ ಬಿಟ್ಟಿದ್ದೆವು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಸಂಸಾರ. ಸೊಪ್ಪಿನ ಘಾಟಿಗೆ ಅನ್ನವೂ ಕಹಿಯಾಗುತ್ತಿತ್ತು. ತಾತನ ಸೇವೆ ಮಾಡಿದ್ದು ಅಮ್ಮ, ಅವರ ಹೇಲು ಉಚ್ಚೆ ಬಾಚಿದ್ದು ಅಮ್ಮ. ಅದೇ ತಾತನಿಗೆ ಹೆದರಿಕೊಂಡು, ಎದುರಿಗೇ ಕಾಣುವ ತನ್ನ ಮನೆಯಿಂದ ಒಂದು ಒರಳುಕಲ್ಲನ್ನೂ ತರಲಾಗದೆ ಕೂತಿದ್ದಳು. ಸಂಜೆ ಹೊತ್ತು ಆ ಕಡೆಗೇ ನೋಡುತ್ತಿದ್ದಳು. ಏನಮ್ಮ ನೋಡ್ತೀಯ ಅಂದರೆ ಬೈಯುತ್ತಿದ್ದಳು.

ಕಚೇರಿಗೆ ಬಂದ ಆಕೆಯನ್ನು ಕೂರಿಸಿ ವಿಷಯ ಹೇಳಿದೆ. ಮೊದಲಾಗಿದ್ದರೆ ನಾನೇ ನಕ್ಷೆ ತಿದ್ದಿ ಸಹಿ ಹಾಕಬಹುದಿತ್ತು. ಹಾಗೆ ಸಹಿ ಹಾಕಿ ಹಾಕಿಯೇ ಎಷ್ಟೋ ಬಡವರ ಮನೆ ಮುಳುಗಿವೆ, ಆ ದಾರಿ ಮುಚ್ಚಿದ್ದು ಒಳ್ಳೆಯದೇ. ಈಗ ಹಕ್ಕು ಹೇಳುವವರು ಮನೆಯೊಳಗೇ ನಿಲ್ಲಬೇಕು. ಅವರು ನಿಂತ ಜಾಗವನ್ನೂ ಮುಖವನ್ನೂ ನಮ್ಮ ಕೈಯಲ್ಲಿರುವ ಟ್ಯಾಬು ಒಟ್ಟಿಗೆ ಹಿಡಿಯಬೇಕು, ಆಗಲೇ ತಿದ್ದುಪಡಿ. ಆಕೆ ತಲೆಯಾಡಿಸಿದರು. ಇನ್ನೂ ಗಡುವು ಮುಗಿದಿಲ್ಲ ಎಂದರು. ಅವರು ಹೇಳಿದ್ದು ಮುಳ್ಳಿನ ಗಡುವು. ಒಬ್ಬಳೇ ಮಗಳು, ಮದುವೆಯಾಗಿ ಬಹಳ ವರ್ಷದ ಮೇಲೆ ಈಗ ಬಸುರಿ. ಅಮ್ಮ ಒಳಗೆ ಕಾಲಿಟ್ಟರೆ ಆ ಮಗುವಿಗೆ ಕೇಡಾಗುತ್ತದೆ ಎಂದು ಮೈದುನ ಹೇಳಿದ್ದಾನೆ. ಮನೆ ಹೋದರೆ ಹೋಗಲಿ ಎಂದುಬಿಟ್ಟರು. ಹಾಗೆಂದವರು ಎದ್ದು ಹೋಗಲಿಲ್ಲ, ಪರದೆಯ ಮೇಲಿನ ಆ ಹಸಿರನ್ನೇ ನೋಡುತ್ತ ಕೂತರು.

ಮರುದಿನ ಬೆಳಿಗ್ಗೆ ಟ್ಯಾಬೂ ಉಪಗ್ರಹದ ಸಂಕೇತ ಹಿಡಿದು ಜಾಗ ಗುರುತಿಸುವ ಕೋಲೂ ತೆಗೆದುಕೊಂಡು ಬಸ್ಸು ಹತ್ತಿದೆ. ಯಾರೂ ಕಳಿಸಿರಲಿಲ್ಲ.

ಚಿಕ್ಕ ಹೆಂಚಿನ ಮನೆ. ಜಗುಲಿಯ ಮೇಲೆ ತರಗೆಲೆ ಬಿದ್ದಿತ್ತು, ಬಾಗಿಲಿಗೆ ಒಣಗಿದ ಜಾಲಿ ಮುಳ್ಳು. ಆಕೆ ಮೈದುನನ ದನದ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಇಷ್ಟು ದಿನದಿಂದ ಇದ್ದರು. ಹಸುಗಳ ಪಕ್ಕ ಒಂದು ಚಾಪೆ, ಒಂದು ಸೊಟ್ಟ ಪಾತ್ರೆ. ಮೈದುನ ಕೆಟ್ಟವನಲ್ಲ, ಅದನ್ನು ಹೇಳಿಬಿಡುತ್ತೇನೆ. ಅಣ್ಣನ ಮನೆಯ ಮೇಲೆ ಅವನಿಗೆ ಕಣ್ಣಿರಲಿಲ್ಲ. ಅವನಿಗೆ ನಿಜವಾಗಿ ಹೆದರಿಕೆ ಇತ್ತು.

ಮೊದಲು ಹೊರಗಿನಿಂದಲೇ ನೋಡೋಣವೆಂದು ಆಕೆಯನ್ನು ಅಂಗಳದ ಅಂಚಿನಲ್ಲಿ ನಿಲ್ಲಿಸಿದೆ. ಮನೆಯ ಹೊರಗಿದ್ದೀರಿ ಎಂದು ಟ್ಯಾಬಿನಲ್ಲಿ ಬಂತು. ಜಗುಲಿಗೆ ಆನಿಸಿ ನಿಲ್ಲಿಸಿದೆ, ಅದೇ. ನಾನೇ ಮುಳ್ಳು ದಾಟಿ ಒಳಗೆ ಹೋಗಿ ನಿಂತರೆ ಯಂತ್ರಕ್ಕೆ ಜಾಗ ಒಪ್ಪಿಗೆ, ನನ್ನ ಮುಖ ಬೇಡ. ಅಷ್ಟು ಹೊತ್ತಿಗೆ ಊರಿನ ಅರ್ಧ ಜನ ಸೇರಿದ್ದರು. ನನಗೆ ತಲೆ ಕೆಟ್ಟು ಬಾಯಿಗೆ ಬಂದದ್ದೆಲ್ಲ ಅಂದೆ. ನೀವೇ ಗೆರೆ ಹಾಕದೆ ಬಿಟ್ಟು ಈಗ ತಮಾಷೆ ನೋಡುತ್ತೀರಾ, ಇವರನ್ನು ಸಾಯುವ ತನಕ ಕೊಟ್ಟಿಗೆಯಲ್ಲೇ ಕಟ್ಟುತ್ತೀರಾ ಎಂದೆ. ಮೈದುನ ತಲೆ ತಗ್ಗಿಸಿ, "ಮಗೀಗೆ ಏನಾರ ಆದ್ರೆ ನೀವು ಬತ್ತೀರಾ ಮೇಡಂ?" ಎಂದ.

ಕೆಟ್ಟ ಮಾತಿಗೆ ಮಾತು ಕೊಡಬಲ್ಲೆ, ಇಂಥ ಮಾತಿಗೆ ಏನು ಹೇಳಲಿ? ಬೆವರು ಒರೆಸಿಕೊಂಡು ಜಗುಲಿಯ ಮೇಲೆ ಕೂತೆ. ನಾಳೆಯ ದಿನ ಹೆರಿಗೆಯಲ್ಲಿ ಏನಾದರೂ ಆದರೆ ಈ ಊರು ಈ ಹೆಂಗಸನ್ನು ಬಾಳಗೊಡುವುದಿಲ್ಲ ಅಂತ ನನಗೂ ಗೊತ್ತಿತ್ತು.

ಮಗಳನ್ನೇ ಕೇಳಿಬಿಡೋಣ ಅಂದವರು ಆಕೆಯೇ. ಇಷ್ಟು ದಿನ ಮಗಳಿಗೆ ಮನೆಯ ವಿಷಯ ತಿಳಿಸಿರಲಿಲ್ಲವಂತೆ, ಬಸುರಿ ಹೆಂಗಸು ಯೋಚನೆ ಮಾಡಬಾರದು ಅಂತ. ನನ್ನ ಫೋನಿನಿಂದಲೇ ಮಾಡಿಸಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಆಕೆ ನಿಧಾನವಾಗಿ ಎಲ್ಲ ಹೇಳಿದರು. ಡ್ರೋನು, ಸುಣ್ಣ, ಹಸಿರು ಬಣ್ಣ, ಒಳಗೆ ಹೋಗಿ ನಿಲ್ಲಬೇಕಾದದ್ದು, ಮಗುವಿಗೆ ಆಗಬಹುದಾದ ಕೇಡು. ಲೈನು ಕಡಿದುಹೋಯಿತೇನೋ ಎಂದು ನಾನು ಫೋನನ್ನು ತಿರುಗಿಸಿ ನೋಡಿದೆ.

"ಅವ್ವ," ಎಂದಳು ಮಗಳು, "ಅಪ್ಪ ನನ್ ಮಗೀಗೆ ಏನಾರ ಮಾಡಾನ?"

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು. ಗಂಡ ಸತ್ತ ಮೇಲೆ ಅವತ್ತೇ ಮೊದಲು ಅತ್ತದ್ದು ಎಂದು ಪಕ್ಕದ ಮನೆಯವರು ಆಮೇಲೆ ನನಗೆ ಹೇಳಿದರು. ಮೈದುನನೂ ಆ ಕಡೆ ತಿರುಗಿ ಟವಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಆಕೆ ಎದ್ದು ಬಾಗಿಲಿಗೆ ಹೋಗಿ ಮುಳ್ಳನ್ನು ಬರಿಗೈಯಲ್ಲಿ ಹಿಡಿದು ಎಳೆದರು. ನಾನು ಕೈ ಹಾಕಲು ಹೋದರೆ ಬೇಡವೆಂದರು. ಅಂಗೈಯಲ್ಲಿ ರಕ್ತ ಬಂತು. ಸೀರೆಗೆ ಒರೆಸಿಕೊಂಡು, ಬಲಗಾಲಿಟ್ಟು ಒಳಗೆ ಹೋದರು.

ಒಳಗೆ ಮುಚ್ಚಿದ ಮನೆಯ ವಾಸನೆ. ಗೂಟದಲ್ಲಿ ಗಂಡಸಿನ ಅಂಗಿ ಹಾಗೇ ನೇತಾಡುತ್ತಿತ್ತು. ಟ್ಯಾಬು ಜಾಗವನ್ನು ಒಪ್ಪಿಕೊಂಡಿತು, ಮುಖವನ್ನು ಒಪ್ಪಲಿಲ್ಲ. ಕಣ್ಣು ಮಿಟುಕಿಸಿ ಎಂದು ಹೇಳುತ್ತಿತ್ತು, ಆಕೆಯ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ದಾಖಲೆಯಲ್ಲಿದ್ದ ಹಳೆಯ ಫೋಟೋ ಬೇರೆ ಹೆಂಗಸಿನದೇ ಇರಬೇಕು ಅನ್ನುವ ಹಾಗಿತ್ತು. ತುಂಬಿದ ಕೆನ್ನೆ, ಹಣೆಯ ಮೇಲೆ ಕಾಸಗಲ ಕುಂಕುಮ, ಕಿವಿಯಲ್ಲಿ ಓಲೆ. ನಾನು ನನ್ನ ಕರ್ಚೀಫಿನಿಂದ ಆಕೆಯ ಮುಖ ಒರೆಸಿದೆ, ಬೆಳಕಿಗೆ ತಿರುಗಿಸಿ ನಿಲ್ಲಿಸಿದೆ. ಒಪ್ಪಲಿಲ್ಲ. ಇನ್ನೊಮ್ಮೆ ಒರೆಸಿದೆ. ಈ ದರಿದ್ರ ಯಂತ್ರವನ್ನು ಹೊಳೆಗೆ ಎಸೆಯಬೇಕು ಅನ್ನುವಷ್ಟು ಸಿಟ್ಟು ಬಂತು, ನನಗೆ ಅದರ ಮೇಲೆ ಅಷ್ಟೊಂದು ಪ್ರೀತಿಯಿದ್ದರೂ. ಕೊನೆಗೆ ಹೇಗೋ ಒಪ್ಪಿಗೆಯ ಗುರುತು ಬಂತು. ನಾನು ಕೋಲು ಹಿಡಿದು ನಾಲ್ಕು ಮೂಲೆಗೂ ಹೋಗಿ ಬಂದೆ. ಮನೆ ನಕ್ಷೆಗೆ ಹತ್ತಿತು, ಆಕೆಯ ಹೆಸರಿನಲ್ಲೇ.

ಆಯಿತಮ್ಮ, ಬನ್ನಿ ಈಚೆಗೆ ಎಂದೆ. ಮೈದುನ ಹೊರಗಿನಿಂದ, ಅತ್ತಿಗೆ ಬಂದರೆ ಉಳಿದ ದಿನಕ್ಕೆ ಮುಳ್ಳು ಮತ್ತೆ ಹಾಕುತ್ತೇನೆ, ಶಾಸ್ತ್ರವೂ ಕೆಟ್ಟ ಹಾಗಾಗುವುದಿಲ್ಲ ಎಂದು ಹೇಳುತ್ತಿದ್ದ. ನನಗೂ ಅದೇ ಸರಿಯೆನಿಸಿತು. ಕೆಲಸ ಮುಗಿದಿತ್ತು, ಮನೆ ಉಳಿದಿತ್ತು, ಊರಿನ ಜೊತೆ ಆಕೆಗೆ ಜಗಳ ಬೇಡವಾಗಿತ್ತು.

ಆಕೆ ಗೂಟದಿಂದ ಅಂಗಿ ತೆಗೆದು ಧೂಳು ಕೊಡವಿದರು, ಮಡಿಸಿ ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತರು. ಹೆದರಿಕೆ ಆಗೋದಿಲ್ವಾ ಎಂದು ಮೆಲ್ಲಗೆ ಕೇಳಿದೆ.

"ಆಯ್ತದೆ ಕಣವ್ವ, ಯಾಕಾಗಾಕಿಲ್ಲ. ನೀನು ಓಗು, ಬಸ್ಸಿಗೆ ಒತ್ತಾಯ್ತು," ಎಂದರು. "ಅವ್ರೊಬ್ರೇ ಎಷ್ಟು ದಿನ ಅಂತ ಇಲ್ಲಿದ್ದಾರು?"

ನಾನು ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲು ಹಾಕದೆ ಹೊರಗೆ ಬಂದೆ.